ಗ್ಯಾಲರಿಯ ಬೆಳಕು ಮತ್ತು ಸದ್ದು: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಮುಂದಿನ ಹಜಾರದಲ್ಲಿ ಗಾಜು ಹಾಕಿದ ಮೈಸೂರು ಶೈಲಿಯ ಚಿತ್ರಗಳು, ನಡುಕೋಣೆಯಲ್ಲಿ ಜಲವರ್ಣಗಳು, ಕತ್ತಲು ಮಾಡಿದ ಒಳಕೋಣೆಯಲ್ಲಿ ಒಂದು ವಿಡಿಯೊ ಕೃತಿ. ಹಳೆಯ ಮನೆಯೊಂದನ್ನು ಗ್ಯಾಲರಿಯಾಗಿ ಮಾರ್ಪಡಿಸಿದ್ದ ಜಾಗ ಅದು. ಆ ಪ್ರದರ್ಶನದ ಬೆಳಕು, ಧ್ವನಿ ಎರಡೂ ನನ್ನ ಪಾಲಿಗೆ ಬಂದಿದ್ದವು. ಚಿತ್ರಗಳನ್ನು ತೂಗುಹಾಕಿದ ರಾತ್ರಿ ಎಲ್ಲ ದೀಪಗಳನ್ನೂ ಪೂರ್ತಿ ಹೊತ್ತಿಸಿಕೊಂಡು ವಿಡಿಯೊದ ಧ್ವನಿಯನ್ನು ಕೇಳಿ ನೋಡಿದೆವು. ಮಳೆಹನಿಗಳ ಸದ್ದು ಬಿಡಿಬಿಡಿಯಾಗಿ ಕೇಳುತ್ತಿತ್ತು. ಮರುದಿನ ಪ್ರದರ್ಶನ ತೆರೆದಾಗ ಅದೇ ಸ್ಪೀಕರ್‌ಗಳಲ್ಲಿ ‘ಜರ್ರ್’ ಎಂಬ ಒರಟು ಸದ್ದು. ಆಂಪ್ಲಿಫೈಯರ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಪ್ಲೇಯರ್ ಕೂಡ ಬದಲಿಸಿದೆವು. ಸದ್ದು ಹೋಗಲಿಲ್ಲ. ಮೂರನೆಯ ದಿನ, ನಡುಕೋಣೆಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುವ ಕಾವಲುಗಾರರು ಹೇಳಿದರು: “ಬೀಗ ತೆಗೆದಾಗ ಈ ಸದ್ದು ಇರುವುದಿಲ್ಲ ಸರ್. ಮೇಡಂ ಬಂದು ಇಲ್ಲಿಯ ದೀಪಗಳನ್ನು ಸಣ್ಣದು ಮಾಡಿದ ಮೇಲೆ ಶುರುವಾಗುತ್ತದೆ.”

ಒಳಕೋಣೆಯ ಸ್ಪೀಕರ್‌ನ ಕಾಯಿಲೆ ನಡುಕೋಣೆಯ ಡಿಮ್ಮರ್‌ನಲ್ಲಿ, ಅಂದರೆ ದೀಪದ ಬೆಳಕನ್ನು ಏರಿಸಿ ತಗ್ಗಿಸುವ ಗುಂಡಿಯಲ್ಲಿತ್ತು. ಬೆಳಕಿನ ಕೆಲಸದವರು ಬೆಳಕನ್ನಷ್ಟೇ ನೋಡಿ ಹೋಗುತ್ತಾರೆ, ಧ್ವನಿಯವರು ಧ್ವನಿಯನ್ನಷ್ಟೇ. ಆದರೆ ಒಂದು ಕಟ್ಟಡದಲ್ಲಿ ಎರಡೂ ಒಂದೇ ತಂತಿಯಿಂದ ವಿದ್ಯುತ್ ಕುಡಿಯುತ್ತವೆ, ಒಂದೇ ಸೂರಿನಡಿ ಹರಿಯುತ್ತವೆ, ಒಂದೇ ಗೋಡೆಗೆ ಬಡಿದು ಹಿಂತಿರುಗುತ್ತವೆ. ಸಣ್ಣ ಗ್ಯಾಲರಿಗಳನ್ನು ನಡೆಸುವವರಿಗೆ, ಸ್ವತಃ ಪ್ರದರ್ಶನ ಕಟ್ಟುವ ಕಲಾವಿದರಿಗೆ ಈ ಟಿಪ್ಪಣಿ ನೆರವಾಗಲಿ ಎಂದು ಬರೆಯುತ್ತಿದ್ದೇನೆ.

ಮುಟ್ಟುವ ಮೊದಲು

ಒಂದು ಸಂದರ್ಭದಲ್ಲಿ ಮಾತ್ರ ಹುಡುಕಾಟ ಬೇಡ. ಒಂದು ಕೋಣೆಯ ದೀಪಗಳು ಇದ್ದಕ್ಕಿದ್ದಂತೆ ಹೆಚ್ಚು ಉರಿದು, ಇನ್ನೊಂದು ಕೋಣೆಯವು ಮಂಕಾದರೆ ಕೂಡಲೇ ಮೇನ್ ಸ್ವಿಚ್ ಆರಿಸಿ. ಮೂರು ಫೇಸ್ ಇರುವ ಕಟ್ಟಡದಲ್ಲಿ ನ್ಯೂಟ್ರಲ್ ತಂತಿ ಸಡಿಲವಾದಾಗ ಹೀಗಾಗುತ್ತದೆ. ಆಗ 230 ವೋಲ್ಟ್ ಬರಬೇಕಾದ ಪ್ಲಗ್‌ಗೆ 400ರ ಹತ್ತಿರದವರೆಗೂ ವೋಲ್ಟೇಜ್ ಬರಬಹುದು. ಪ್ರೊಜೆಕ್ಟರ್ ಸುಡುವುದು ಒಂದು ನಷ್ಟ, ಬೆಂಕಿ ಹತ್ತಿಕೊಂಡರೆ ಆಗುವ ನಷ್ಟವೇ ಬೇರೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಕತ್ತಲಲ್ಲೇ ಇರಿ.

ಉಳಿದ ಎಲ್ಲ ದೋಷಗಳಿಗೂ ಮೊದಲ ಪ್ರಶ್ನೆ ಒಂದೇ: ಇದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ? ಇದನ್ನು ಕಾವಲುಗಾರರನ್ನು ಕೇಳಿ, ಕಸ ಗುಡಿಸುವವರನ್ನು ಕೇಳಿ. ನಾವು ಹತ್ತು ನಿಮಿಷ ನಿಂತು ಹೋಗುವ ಕೋಣೆಯಲ್ಲಿ ಅವರು ಇಡೀ ದಿನ ಇರುತ್ತಾರೆ. ಅವರನ್ನು ಮೊದಲ ದಿನವೇ ಕೇಳಿದ್ದರೆ ನಮಗೆ ಎರಡು ದಿನ ಉಳಿಯುತ್ತಿತ್ತು. ಎರಡನೆಯದಾಗಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಕೇಬಲ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿ ಸದ್ದು ನಿಂತರೆ, ಅದು ಮತ್ತೆ ಬಂದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸ್ಪೀಕರ್‌ನಲ್ಲಿ ಬೇಡದ ಸದ್ದು

ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ. ತಂಬೂರಿಯ ಮಂದ್ರದಂತೆ ನುಣುಪಾದ ‘ಗುಂ’ ಇದ್ದರೆ ಅದು 50 ಹರ್ಟ್ಜ್‌ನದು (ಸೆಕೆಂಡಿಗೆ 50 ಅಲೆ), ನಮ್ಮ ವಿದ್ಯುತ್ತಿನ ಮೂಲ ಆವೃತ್ತಿ. ಸಾಮಾನ್ಯವಾಗಿ ಅರ್ಥ್ ತಂತಿಯ ಸುತ್ತಿನಿಂದ ಬರುತ್ತದೆ. ಜೀರುಂಡೆಯಂತೆ ಅಂಚು ಇರುವ ‘ಜರ್ರ್’ ಆದರೆ ಅದರಲ್ಲಿ 100 ಹರ್ಟ್ಜ್ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಏರುವ ಆವೃತ್ತಿಗಳಿವೆ. ಇದು ಹೆಚ್ಚಾಗಿ ಡಿಮ್ಮರ್, ಅಗ್ಗದ ಎಲ್‌ಇಡಿ ಡ್ರೈವರ್ (ದೀಪಕ್ಕೆ ತಕ್ಕ ವಿದ್ಯುತ್ ಒದಗಿಸುವ ಘಟಕ) ಇಲ್ಲವೇ ಚೌಕ ಅಲೆಯ ಇನ್ವರ್ಟರ್‌ನ ಕೆಲಸ. ಈ ಎರಡನ್ನು ಕಿವಿಯಿಂದ ಬೇರ್ಪಡಿಸಲು ಬಂದರೆ ಅರ್ಧ ದಾರಿ ಮುಗಿದಂತೆ.

ಮುಂದೆ ಆಂಪ್ಲಿಫೈಯರ್‌ನ ವಾಲ್ಯೂಮ್ ಗುಂಡಿಯನ್ನು ನಿಧಾನವಾಗಿ ಸೊನ್ನೆಗೆ ತನ್ನಿ. ಬೇಡದ ಸದ್ದು ಹಾಗೆಯೇ ಉಳಿದರೆ ಅದು ಆ ಗುಂಡಿಯ ನಂತರ ಸೇರಿಕೊಂಡಿದೆ: ಆಂಪ್ಲಿಫೈಯರ್‌ನ ಒಳಗೆ, ಅಥವಾ ಅದಕ್ಕೆ ಬರುವ ವಿದ್ಯುತ್ತಿನಲ್ಲಿ. ಗುಂಡಿಯ ಜೊತೆಗೇ ತಗ್ಗಿದರೆ ಮೊದಲೇ ಸೇರಿದೆ, ಅಂದರೆ ಪ್ಲೇಯರ್ ಅಥವಾ ದಾರಿಯ ಕೇಬಲ್. ಆಗ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಕೇಬಲ್ಲನ್ನು ಪ್ಲೇಯರ್ ಕಡೆಯಿಂದ ಕಿತ್ತು, ಆಂಪ್ಲಿಫೈಯರ್ ಕಡೆ ಹಾಗೆಯೇ ಬಿಟ್ಟು ಮೆಲ್ಲಗೆ ಏರಿಸಿ. ‘ಜರ್ರ್’ ಇನ್ನೂ ಕೇಳಿದರೆ ಅನುಮಾನವನ್ನು ಕೇಬಲ್‌ನ ಮೇಲೆ, ಅದು ಹಾದುಹೋಗುವ ಜಾಗದ ಮೇಲೆ ತನ್ನಿ. ತೆರೆದ ತುದಿಯ ಕೇಬಲ್ ತಾನೇ ಆಂಟೆನಾದಂತೆ ಸ್ವಲ್ಪ ಸದ್ದು ಹಿಡಿಯುತ್ತದೆ. ಆದುದರಿಂದ ಆ ತುದಿಯ ಎರಡು ತಂತಿಗಳನ್ನು ಒಂದಕ್ಕೊಂದು ಸೇರಿಸಿ ಇನ್ನೊಮ್ಮೆ ಕೇಳಿ. ಸೇರಿಸಿದ ಮೇಲೂ ಅದೇ ಸದ್ದು ಇದ್ದರೆ ಕೇಬಲ್‌ನ ದಾರಿಯಲ್ಲೇ ಕಳ್ಳನಿದ್ದಾನೆ.

ನುಣುಪಾದ ‘ಗುಂ’ ಇದ್ದಲ್ಲಿ ಮೊದಲ ಅನುಮಾನ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಜೋಡಿಯದು. ಪ್ರೊಜೆಕ್ಟರ್ ಸೂರಿನ ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ನೆಲದ ಪ್ಲಗ್‌ನಲ್ಲಿ, ಎರಡಕ್ಕೂ ತಂತಿ ಲ್ಯಾಪ್‌ಟಾಪ್‌ನಿಂದ. ಎರಡು ಪ್ಲಗ್‌ಗಳ ಅರ್ಥ್ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ಸುತ್ತಿನಲ್ಲಿ ವಿದ್ಯುತ್ ಹರಿಯುತ್ತದೆ, ಅದು ಧ್ವನಿಯಾಗಿ ಹೊರಬರುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ಪನ್ನು ಬ್ಯಾಟರಿಯಲ್ಲಿ ನಡೆಸಿ, ಬಳಿಕ ಎಚ್‌ಡಿಎಂಐ ತಂತಿಯನ್ನು ಕಿತ್ತು ನೋಡಿ. ಯಾವ ಹೆಜ್ಜೆಯಲ್ಲಿ ಸದ್ದು ನಿಂತಿತೋ ಅಲ್ಲಿ ಸುತ್ತು ಇದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಟ್ಟರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಧ್ವನಿಯ ದಾರಿಯಲ್ಲಿ, ಎರಡು ಕಡೆಯ ತಂತಿಗಳನ್ನು ಬೇರ್ಪಡಿಸಿ ಧ್ವನಿಯನ್ನಷ್ಟೇ ದಾಟಿಸುವ ಒಂದು ಸಣ್ಣ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಇಲ್ಲಿ ಒಂದು ಕೆಟ್ಟ ಅಭ್ಯಾಸವನ್ನು ಕೈಮುಗಿದು ಬಿಡಿಸಬೇಕೆನಿಸುತ್ತದೆ. ಮೂರು ಕಡ್ಡಿಯ ಪ್ಲಗ್‌ನ ಮೇಲಿನ ದಪ್ಪ ಅರ್ಥ್ ಕಡ್ಡಿಯನ್ನು ಕಿತ್ತು, ಅಥವಾ ಎರಡು ಕಡ್ಡಿಯ ಕನ್ವರ್ಟರ್ ಸಿಕ್ಕಿಸಿ ‘ಗುಂ’ ನಿಲ್ಲಿಸುವವರಿದ್ದಾರೆ. ಸದ್ದು ನಿಲ್ಲುವುದು ನಿಜ. ಅದರೊಂದಿಗೆ ಆ ಯಂತ್ರದ ರಕ್ಷಣೆಯೂ ನಿಂತುಹೋಗುತ್ತದೆ. ಒಳಗೆ ಒಂದು ತಂತಿ ತಗಲಿದರೆ ಲೋಹದ ಮೈಗೆ 230 ವೋಲ್ಟ್ ಬರುತ್ತದೆ. ಗ್ಯಾಲರಿಯಲ್ಲಿ ಮಕ್ಕಳು ಎಲ್ಲವನ್ನೂ ಮುಟ್ಟಿ ನೋಡುತ್ತಾರೆ. ಯಾವ ಕೃತಿಗೂ ಆ ಬೆಲೆ ತೆರಬಾರದು.

‘ಜರ್ರ್’ ಸದ್ದಿಗೆ ನಾನು ಈಗ ಮೊದಲು ಮಾಡುವ ಪರೀಕ್ಷೆಯನ್ನು ಆ ಕಾವಲುಗಾರರೇ ಕಲಿಸಿದರು. ಧ್ವನಿ ನಡೆಯುತ್ತಿರುವಾಗ ಕಟ್ಟಡದ ಪ್ರತಿಯೊಂದು ಡಿಮ್ಮರನ್ನೂ ಒಂದೊಂದಾಗಿ ಪೂರ್ತಿಯಿಂದ ಸೊನ್ನೆಯವರೆಗೆ ತಿರುಗಿಸುತ್ತೇನೆ, ಇನ್ನೊಬ್ಬರು ಸ್ಪೀಕರ್ ಮುಂದೆ ನಿಂತು ಕೈ ಎತ್ತುತ್ತಾರೆ. ಗೋಡೆಯಲ್ಲಿ ಕೂರುವ ಸಾಮಾನ್ಯ ಡಿಮ್ಮರ್ ವಿದ್ಯುತ್ ಅಲೆಯ ಪ್ರತಿ ಅರ್ಧದಲ್ಲಿ ಒಂದಷ್ಟು ಭಾಗವನ್ನು ತಡೆಹಿಡಿದು, ಆಮೇಲೆ ಥಟ್ಟನೆ ಬಿಡುತ್ತದೆ. ಸೆಕೆಂಡಿಗೆ 100 ಸಲ ಹೀಗಾಗುತ್ತದೆ. 230 ವೋಲ್ಟ್ ಎನ್ನುವ ನಮ್ಮ ಅಲೆಯ ಶಿಖರ 325 ವೋಲ್ಟ್‌ನಷ್ಟಿದೆ. ಡಿಮ್ಮರನ್ನು ನಡುವಿನಲ್ಲಿಟ್ಟಾಗ ಆ ಜಿಗಿತ ಶಿಖರದ ಬಳಿಯೇ ಆಗುತ್ತದೆ. ಅದಕ್ಕೇ ‘ಜರ್ರ್’ ಅರ್ಧ ಬೆಳಕಿನಲ್ಲಿ ಜೋರು, ಪೂರ್ತಿ ಬೆಳಕಿನಲ್ಲಿ ಬಹುತೇಕ ಇಲ್ಲ. ನಮ್ಮ ರಾತ್ರಿಯ ಪರೀಕ್ಷೆ ಪೂರ್ತಿ ಬೆಳಕಿನಲ್ಲಿ ನಡೆದಿತ್ತು. ಪ್ರದರ್ಶನದ ದಿನ ಜಲವರ್ಣಗಳಿಗಾಗಿ ದೀಪಗಳನ್ನು ತಗ್ಗಿಸಲಾಗಿತ್ತು. ಮೇಲಿನ ಫಾಲ್ಸ್ ಸೀಲಿಂಗ್ ತೆರೆದು ನೋಡಿದರೆ, ಟ್ರ್ಯಾಕ್ ಲೈಟ್‌ಗೆ (ಸೂರಿನ ಹಳಿಗೆ ಸಿಕ್ಕಿಸುವ ದೀಪ) ಹೋಗುವ ವೈರಿನ ಜೊತೆಗೇ ನಮ್ಮ 12 ಮೀಟರ್ ಉದ್ದದ ಆರ್‌ಸಿಎ ಕೇಬಲ್ಲನ್ನು (ಟಿವಿ, ಪ್ಲೇಯರ್‌ಗಳಿಗೆ ಹಾಕುವ ಸಾಮಾನ್ಯ ಧ್ವನಿ ಕೇಬಲ್) ಯಾರೋ ಒಪ್ಪವಾಗಿ ಟೇಪು ಸುತ್ತಿ ಕಟ್ಟಿದ್ದರು. ಹೊಸ ಕೇಬಲ್ ಎಳೆದಾಗಲೂ ಅದೇ ದಾರಿಯಲ್ಲಿ, ಅದೇ ಟೇಪಿನೊಳಗೆ ಎಳೆದಿದ್ದೆವು.

ಧ್ವನಿಯ ಕೇಬಲ್ ವಿದ್ಯುತ್ ವೈರಿನಿಂದ ಒಂದು ಅಡಿಯಾದರೂ ದೂರದಲ್ಲಿ ಸಾಗಬೇಕು. ದಾಟಲೇಬೇಕಾದ ಕಡೆ ಅಡ್ಡವಾಗಿ, ಕೂಡುರಸ್ತೆಯಂತೆ ದಾಟಬೇಕು. ಐದಾರು ಮೀಟರಿಗಿಂತ ಉದ್ದವಿದ್ದರೆ ಆರ್‌ಸಿಎ ಬಿಟ್ಟು, ಎಕ್ಸ್‌ಎಲ್‌ಆರ್ ಎಂಬ ಮೂರು ಕಡ್ಡಿಯ ಪ್ಲಗ್ ಇರುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಅದರ ಎರಡು ತಂತಿಗಳಲ್ಲಿ ಧ್ವನಿ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ, ದಾರಿಯಲ್ಲಿ ಸೇರಿದ ಕೊಳೆ ಎರಡರಲ್ಲೂ ಒಂದೇ ತೆರ ಇರುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಕೊಳೆ ಮಾತ್ರ ಅಳಿಸಿಹೋಗುತ್ತದೆ.

“ಕತ್ತಲು” ಎಂಬ ದೂರು

ಹಾಗಾದರೆ ಡಿಮ್ಮರ್ ತೆಗೆದು ದೀಪಗಳನ್ನು ಪೂರ್ತಿ ಉರಿಸಬಾರದೇ ಎಂದು ಅಂದು ಒಬ್ಬರು ಕೇಳಿದರು. ಬರುವವರೂ ಕತ್ತಲೆಂದು ದೂರುತ್ತಿದ್ದರು. ಈ ಪ್ರಶ್ನೆಗೆ ಉತ್ತರ ಕಾಗದದ ಮೇಲಿದೆ. ಕಲಾವಿದ ಕೆ. ವೆಂಕಟಪ್ಪನವರು ಊಟಿಯನ್ನೂ ಕೊಡೈಕೆನಾಲನ್ನೂ ಬಿಡಿಸಿದ ರೀತಿಯ ಜಲವರ್ಣದಲ್ಲಿ ಬಣ್ಣದ ಪದರ ಉಸಿರಿನಷ್ಟು ತೆಳು. ಬೆಳಕು ಆ ಬಣ್ಣವನ್ನು ತಿನ್ನುತ್ತದೆ, ತಿಂದದ್ದು ಎಂದಿಗೂ ಮರಳುವುದಿಲ್ಲ. ಅದಕ್ಕಾಗಿ ಜಲವರ್ಣ, ಕಾಗದ, ಬಟ್ಟೆಗಳಿಗೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ (ಲಕ್ಸ್ ಎಂದರೆ ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ) ಎಂಬ ಮಿತಿ ವಸ್ತುಸಂಗ್ರಹಾಲಯಗಳಲ್ಲಿ ರೂಢಿಯಲ್ಲಿದೆ.

ಬೆಳಕಿನ ತೀವ್ರತೆಯಷ್ಟೇ ಸಾಲದು, ಹೊತ್ತನ್ನೂ ಗುಣಿಸಬೇಕು. ಪ್ರಕಾಶ ಕುರಿತ ಅಂತಾರಾಷ್ಟ್ರೀಯ ಆಯೋಗವು 2004ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಅತಿ ಸೂಕ್ಷ್ಮ ಕೃತಿಗಳಿಗೆ ವರ್ಷಕ್ಕೆ 15,000 ಲಕ್ಸ್‌-ಗಂಟೆ ಮಿತಿ. 50 ಲಕ್ಸ್‌ನಲ್ಲಿ ಅದು 300 ಗಂಟೆ, ದಿನಕ್ಕೆ 8 ಗಂಟೆಯಂತೆ ಐದು ವಾರಕ್ಕೆ ತುಸು ಹೆಚ್ಚು. 200 ಲಕ್ಸ್‌ನಲ್ಲಿ ಹತ್ತೇ ದಿನಕ್ಕೆ ವರ್ಷದ ಪಾಲು ಖಾಲಿ. ದೂರು ಬಂತೆಂದು ದೀಪ ಏರಿಸುವವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಲಿ.

ಅಳೆಯುವಾಗ ಲಕ್ಸ್ ಮೀಟರನ್ನು ಚಿತ್ರದ ಮೇಲ್ಮೈಗೆ ಸಮಾನಾಂತರವಾಗಿ, ಮುಟ್ಟದಂತೆ, ಮುಖ ಹೊರಗೆ ಮಾಡಿ ಹಿಡಿಯಿರಿ. ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ನಾಲ್ಕು ಅಳತೆ ತೆಗೆಯಿರಿ. ಫೋನಿನ ಆ್ಯಪ್‌ಗಳು ಈ ಗೋಡೆಗಿಂತ ಆ ಗೋಡೆ ಹೆಚ್ಚೋ ಕಡಿಮೆಯೋ ಎಂದು ಹೇಳಬಲ್ಲವು, 50 ಲಕ್ಸ್ ಎಂದರೆ 50 ಎಂದು ನಂಬುವಂತಿಲ್ಲ.

50 ಇದ್ದೂ ಕತ್ತಲೆನಿಸಿದರೆ ದೋಷ ಚಿತ್ರದ ಮೇಲಿನ ಬೆಳಕಿನಲ್ಲಿಲ್ಲ, ಸುತ್ತಲಿನದರಲ್ಲಿದೆ. ನಮ್ಮಲ್ಲಿ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್‌ನ ಹತ್ತಿರ ಇರುತ್ತದೆ. ಆ ಬಿಸಿಲಿನಿಂದ ನೇರವಾಗಿ 50 ಲಕ್ಸ್‌ಗೆ ಕಾಲಿಟ್ಟ ಕಣ್ಣು ಎರಡು ಸಾವಿರ ಪಟ್ಟು ಇಳಿಯಬೇಕು. ಅದಕ್ಕೆ ಕೆಲವು ನಿಮಿಷ ಬೇಕು. ಹಾಗಾಗಿ ನೀವೇ ಹೊರಗೆ ಹೋಗಿ ಐದು ನಿಮಿಷ ಬಿಸಿಲಲ್ಲಿ ನಿಂತು, ನೋಡುಗರ ದಾರಿಯಲ್ಲೇ ಒಳಗೆ ಬನ್ನಿ. ಎಲ್ಲಿ ಎಡವಿದಂತಾಯಿತು? ಬಾಗಿಲಿಗೆ ಹತ್ತಿರದ ಗೋಡೆಯಲ್ಲೇ ಜಲವರ್ಣ ಇದೆಯೇ? ಕಣ್ಣಿನ ಅಂಚಿನಲ್ಲಿ ಕಿಟಕಿಯೊಂದು ಉರಿಯುತ್ತಿದೆಯೇ? ವಿವರ ಬರೆದ ಬಿಳಿ ಚೀಟಿ ಚಿತ್ರಕ್ಕಿಂತ ಹೊಳೆಯುತ್ತಿದೆಯೇ? ಕಿಟಕಿಗೆ ಪರದೆ ಎಳೆದು, ಹಜಾರದ ಬೆಳಕನ್ನು ಒಂದು ಮೆಟ್ಟಿಲಿನಂತೆ ನಡುವಿನ ಮಟ್ಟಕ್ಕೆ ತಂದು, ಚೀಟಿಯನ್ನು ತಿಳಿ ಬೂದು ಕಾಗದದಲ್ಲಿ ಮುದ್ರಿಸಿದ ಮೇಲೆ ಅದೇ 50 ಲಕ್ಸ್‌ನ ಕೋಣೆಯಲ್ಲಿ ದೂರುಗಳು ನಿಂತವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಚಿತ್ರಕಾರ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಕಾಗದದ ಮೇಲೆ ನಿಜವಾದ ದೀಪವಿಲ್ಲ. ಸುತ್ತ ಅವರು ಇಟ್ಟ ಕತ್ತಲಿನಿಂದ ಬೆರಳುಗಳ ನಡುವಿನ ಬಣ್ಣ ಉರಿಯುವಂತೆ ಕಾಣುತ್ತದೆ.

ಗಾಜಿನಲ್ಲಿ ದೀಪದ ಬಿಂಬ

ಹಜಾರದ ಮೈಸೂರು ಚಿತ್ರಗಳ ತೊಂದರೆ ಬೇರೆ. ಸಾಮಾನ್ಯ ಗಾಜು ತನ್ನ ಎರಡು ಮುಖಗಳಿಂದ ಸೇರಿ ಸುಮಾರು ಶೇ 8ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಗಾಢ ಬಣ್ಣದ ಹಿನ್ನೆಲೆಯ ಮೇಲೆ ಅಷ್ಟು ಸಾಕು, ದೇವಿಯ ಮುಖದ ಮೇಲೆ ಟ್ರ್ಯಾಕ್ ಲೈಟ್ ಕೂತುಬಿಡುತ್ತದೆ.

ಯಾವ ದೀಪ ತಪ್ಪಿತಸ್ಥ ಎಂದು ಹುಡುಕಲು ಏಣಿ ಹತ್ತಬೇಕಿಲ್ಲ. ಒಂದು ಸಣ್ಣ ಕನ್ನಡಿಯನ್ನು ಬಿಂಬ ಕಂಡ ಜಾಗದಲ್ಲಿ ಗಾಜಿನ ಸಮತಲದಲ್ಲೇ ಒಬ್ಬರು ಹಿಡಿಯಲಿ. ನೀವು ನೋಡುಗರು ನಿಲ್ಲುವಲ್ಲಿ ನಿಂತು ಕನ್ನಡಿಯನ್ನು ನೋಡಿ. ಅದರಲ್ಲಿ ಏನು ಕಾಣುತ್ತದೆಯೋ ಅದೇ ಗಾಜಿನಲ್ಲಿ ಕೂರುತ್ತಿದೆ. ಬಹಳ ಸಲ ಅದು ಚಿತ್ರದ ಸ್ವಂತ ದೀಪವಾಗಿರುವುದಿಲ್ಲ, ಎದುರು ಗೋಡೆಯ ಚಿತ್ರಕ್ಕೆ ತಿರುಗಿಸಿದ ದೀಪವೋ, ಕಿಟಕಿಯೋ, ಬಿಳಿ ಅಂಗಿ ತೊಟ್ಟ ನೀವೇ ಆಗಿರುತ್ತೀರಿ. ಎತ್ತರದವರು, ಕುಳ್ಳಗಿನವರು, ಗಾಲಿಕುರ್ಚಿಯಲ್ಲಿ ಬರುವವರು ಈ ಮೂರೂ ಎತ್ತರಗಳಿಂದ ನೋಡಿ ಮುಗಿಸಿ.

ಸ್ವಂತ ದೀಪವೇ ಆಗಿದ್ದರೆ ಕೋನವನ್ನು ಅಳೆಯಿರಿ. ದೀಪದಿಂದ ನೇರ ಕೆಳಕ್ಕೆ ಇಳಿಯುವ ಗೆರೆಗೆ 30 ಡಿಗ್ರಿ ಓರೆಯಾಗಿ ಬೆಳಕು ಚಿತ್ರದ ನಡುವಿಗೆ ಬೀಳಬೇಕು. ದೀಪದ ಎತ್ತರ 3.6 ಮೀಟರ್, ಚಿತ್ರದ ನಡು ನೆಲದಿಂದ 1.5 ಮೀಟರ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ 2.1, ಅದನ್ನು 0.58ರಿಂದ ಗುಣಿಸಿದರೆ 1.2. ಗೋಡೆಯಿಂದ 1.2 ಮೀಟರ್ ದೂರದಲ್ಲಿ ದೀಪವಿರಬೇಕು. ಅದಕ್ಕಿಂತ ದೂರ ಹೋದರೆ ಬಿಂಬ ನೋಡುಗರ ಕಣ್ಣಿಗೆ ಬರುತ್ತದೆ, ಅವರ ನೆರಳೂ ಚಿತ್ರದ ಮೇಲೆ ಬೀಳುತ್ತದೆ. ಹತ್ತಿರ ಬಂದರೆ ಚೌಕಟ್ಟಿನ ನೆರಳು ಚಿತ್ರದ ಮೇಲ್ಭಾಗವನ್ನು ನುಂಗುತ್ತದೆ.

ಚಿನ್ನದ ರೇಕು ಇರುವ ಚಿತ್ರದಲ್ಲಿ ಬಿಂಬವನ್ನು ಪೂರ್ತಿ ಕೊಲ್ಲಬಾರದು ಎಂಬುದು ನನ್ನ ನಿಲುವು. ಗೆಸ್ಸೋ ಎಂಬ ಲೇಪದಿಂದ ತುಸು ಉಬ್ಬಿಸಿ ಅದರ ಮೇಲೆ ಹಚ್ಚಿದ ಚಿನ್ನ ಎಣ್ಣೆದೀಪದ ಬೆಳಕಿನಲ್ಲಿ ಮಿನುಗಲೆಂದೇ ಇರುವುದು. ಎದುರಿನಿಂದ ಸಮನಾಗಿ ಬೆಳಕು ಸುರಿದರೆ ಅದು ಹಳದಿ ಬಣ್ಣವಾಗಿ ಸತ್ತುಹೋಗುತ್ತದೆ. 2700 ಕೆಲ್ವಿನ್‌ನ ಬೆಚ್ಚಗಿನ ದೀಪವೊಂದನ್ನು ಪಕ್ಕಕ್ಕೆ ಸರಿಸಿ, ನೋಡುಗರು ಎರಡು ಹೆಜ್ಜೆ ನಡೆದಾಗ ಆಭರಣದ ಅಂಚು ಒಮ್ಮೆ ಮಿಂಚಿ ಆರುವಂತೆ ಮಾಡಿ. ಅದನ್ನು ಸರಿಮಾಡಲು ಒಂದು ಸಂಜೆ ಪೂರ್ತಿ ಹೋದರೂ ಹೋಗಲಿ.

ಈ ಚಿತ್ರಗಳಲ್ಲೇ ಇನ್ನೊಂದು ದೋಷ ಬೇಗ ಕಾಣುತ್ತದೆ: ಕೆಂಪು ಕಂದಾಗುವುದು. ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ, ಗರಿಷ್ಠ 100) 80 ಎಂದಿದ್ದರೆ ಕೆಂಪು ಸೊರಗುವುದು ಸಹಜ. 90ಕ್ಕಿಂತ ಹೆಚ್ಚಿನದನ್ನು ಕೊಳ್ಳಿ, ಗಾಢ ಕೆಂಪಿನ ಅಳತೆಯಾದ ಆರ್‌9 ಎಷ್ಟೆಂದು ಅಂಗಡಿಯವರನ್ನು ಕೇಳಿ. ನನ್ನ ಚೀಲದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ತುಂಡು ಯಾವಾಗಲೂ ಇರುತ್ತದೆ. ಅದನ್ನು ಬಾಗಿಲ ಬಳಿಯ ನೆರಳಿನಲ್ಲಿ ಒಮ್ಮೆ, ಅನುಮಾನದ ದೀಪದ ಕೆಳಗೆ ಒಮ್ಮೆ ಹಿಡಿದರೆ ಸಾಕು, ಉಪಕರಣ ಬೇಡ.

ಮಿಣುಕು

ಕಣ್ಣಿಗೆ ಕಾಣದ ಮಿಣುಕು ಫೋನಿನ ಕ್ಯಾಮೆರಾಕ್ಕೆ ಕಾಣುತ್ತದೆ. ಗೋಡೆಯತ್ತ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದರೆ, ಅಥವಾ ಸ್ಲೋ ಮೋಷನ್‌ನಲ್ಲಿ ಬೆಳಕು ಬಡಿದುಕೊಂಡರೆ ದೀಪ ಮಿಣುಕುತ್ತಿದೆ. ಡಿಮ್ಮರ್ ಪೂರ್ತಿ ಏರಿಸಿದಾಗ ಪಟ್ಟಿ ಮಾಯವಾದರೆ ಡಿಮ್ಮರ್ ಮತ್ತು ದೀಪದ ಜೋಡಿ ಕೂಡುತ್ತಿಲ್ಲ. ಹಳೆಯ ಡಿಮ್ಮರ್‌ಗಳು ಕನಿಷ್ಠ 40 ವಾಟ್‌ನಷ್ಟು ಹೊರೆ ಬಯಸುತ್ತವೆ, 7 ವಾಟ್‌ನ ನಾಲ್ಕು ಎಲ್‌ಇಡಿ ಸೇರಿದರೂ 28 ಆಗುವುದಷ್ಟೆ. ಪೂರ್ತಿ ಏರಿಸಿದಾಗಲೂ ಪಟ್ಟಿ ಉಳಿದರೆ ಡ್ರೈವರ್‌ನದೇ ಕೊರತೆ, ಬದಲಿಸಬೇಕು. ಒಂದೇ ದೀಪ ಆಗಾಗ ಕಣ್ಣು ಮುಚ್ಚಿ ತೆರೆದರೆ ಟ್ರ್ಯಾಕ್‌ನಲ್ಲಿ ಅದರ ಅಡಾಪ್ಟರ್ ಸರಿಯಾಗಿ ಕೂತಿಲ್ಲ. ಆರಿಸಿದ ಮೇಲೂ ಎಲ್‌ಇಡಿ ಮಿಣಮಿಣ ಉಳಿಯುವುದು ಹಳೆಯ ಮನೆಗಳಲ್ಲಿ ಮಾಮೂಲು: ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್‌ನಲ್ಲಿರಬಹುದು, ಇಲ್ಲವೇ ಸ್ವಿಚ್ಚಿನೊಳಗಿನ ಸೂಚಕ ದೀಪದ ಮೂಲಕ ಸೋರಿಕೆ ಇರಬಹುದು. ಮೊದಲನೆಯದು ಅಪಾಯ. ದೀಪ ಬದಲಿಸಲು ಕೈ ಹಾಕುವ ಮೊದಲು ಎಂಸಿಬಿ (ಆ ಸಾಲಿನ ವಿದ್ಯುತ್ ಕಡಿಯುವ ಸ್ವಿಚ್ಚು) ಇಳಿಸಿ.

ಮಾತು ಕಲಸಿಹೋಗುವ ಕೋಣೆ

ಸ್ಪೀಕರ್ ಚೆನ್ನಾಗಿದೆ, ಸದ್ದಿನಲ್ಲಿ ಕೊಳೆಯಿಲ್ಲ, ಆದರೂ ಮಾತು ತಿಳಿಯುವುದಿಲ್ಲ. ಇಂಥಲ್ಲಿ ವಾಲ್ಯೂಮ್ ಏರಿಸಿದಷ್ಟೂ ಕೆಡುತ್ತದೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ‘ಟರ್ರ್’ ಎಂದು ಲೋಹದಂಥ ಬಾಲ ಕೇಳಿದರೆ ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನಂತೆ ಆಡಿಸುತ್ತಿವೆ. ಮೆತ್ತಗೆ ತೇಲಿ ನಿಧಾನವಾಗಿ ಆರಿದರೆ ಅದು ಅನುರಣನ.

ಅನುರಣನವನ್ನು ಲೆಕ್ಕಕ್ಕೆ ತಂದ ವಿಜ್ಞಾನ ಹುಟ್ಟಿದ್ದೇ ಒಂದು ಕಲಾ ಸಂಗ್ರಹಾಲಯದಲ್ಲಿ ಎಂಬುದು ನನಗೆ ಬಹಳ ಪ್ರೀತಿಯ ವಿಷಯ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಒಂದು ಮಾತು ಐದೂವರೆ ಸೆಕೆಂಡು ತೇಲುತ್ತಿತ್ತು, ಯಾರಿಗೂ ಉಪನ್ಯಾಸ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸಬಿನ್ ಎಂಬ ಎಳೆಯ ಅಧ್ಯಾಪಕರು ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಆರ್ಗನ್ ಕೊಳವೆ ಊದಿಸಿ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಆರುತ್ತದೆ ಎಂದು ಅಳೆದರು. ಬೆಳಗಾಗುವ ಮೊದಲು ಮೆತ್ತೆಗಳನ್ನು ಮರಳಿಸುತ್ತಿದ್ದರು. ಅವರ ಸೂತ್ರವನ್ನೇ ನಾವು ಇಂದೂ ಬಳಸುತ್ತೇವೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ (ಒಳಮೈಯ ಚದರ ಮೀಟರನ್ನು ಅದು ಹೀರುವ ಪಾಲಿನಿಂದ ಗುಣಿಸಿದ್ದು) ಭಾಗಿಸಿದರೆ ಸದ್ದು ಆರಲು ಬೇಕಾದ ಸೆಕೆಂಡು ಸಿಗುತ್ತದೆ.

12 ಮೀಟರ್ ಉದ್ದ, 8 ಅಗಲ, 4 ಎತ್ತರದ ಹಜಾರ ತೆಗೆದುಕೊಳ್ಳಿ. ಘನ 384, ಒಳಮೈ ಒಟ್ಟು 352 ಚದರ ಮೀಟರ್. ಗಾರೆ ಗೋಡೆ, ಗ್ರಾನೈಟ್ ನೆಲ ಸೇರಿ ಸರಾಸರಿ ಶೇ 4ರಷ್ಟು ಹೀರುತ್ತವೆ ಎಂದರೂ ಹೀರುವಿಕೆ 14. ಉತ್ತರ 4.4 ಸೆಕೆಂಡು. ಇದೇ ಹಜಾರದ ಸೂರಿಗೆ, ಬಂದ ಸದ್ದಿನಲ್ಲಿ ಶೇ 80ರಷ್ಟನ್ನು ಹೀರುವ ಫಲಕಗಳನ್ನು 30 ಚದರ ಮೀಟರ್ ಹಾಕಿದರೆ ಉತ್ತರ 1.7ಕ್ಕೆ ಇಳಿಯುತ್ತದೆ. ಮಾತು ತಿಳಿಯತೊಡಗುತ್ತದೆ.

ಫಲಕ ಕೊಳ್ಳುವ ಮೊದಲು ಸಬಿನ್ ಮಾಡಿದ್ದನ್ನೇ ಮಾಡಿ. ಮನೆಗಳಿಂದ ಹಾಸಿಗೆ, ಜಮಖಾನೆ, ಕಂಬಳಿ ತಂದು ಒಂದು ರಾತ್ರಿ ಗೋಡೆಗೊರಗಿಸಿ ಕೇಳಿ. ಕಂಬಳಿಯನ್ನು ಗೋಡೆಗೆ ಅಂಟಿಸದೆ ಹತ್ತು ಸೆಂಟಿಮೀಟರ್ ಮುಂದೆ ತೂಗಿಬಿಟ್ಟರೆ ಹೆಚ್ಚು ಹೀರುತ್ತದೆ. ಆದರೂ ಅದರ ಪ್ರಭಾವ ‘ಸ’, ‘ಚ’ದಂಥ ಮೇಲಿನ ಸದ್ದುಗಳ ಮೇಲೆ ಹೆಚ್ಚು, ಮೃದಂಗದ ತೊಪ್ಪಿಯಂಥ ತಗ್ಗಿನ ಸದ್ದು ಅದಕ್ಕೆ ಜಗ್ಗುವುದಿಲ್ಲ. ಸೂರು ಮುಟ್ಟಲಾಗದ ಹಳೆಯ ಕಟ್ಟಡದಲ್ಲಿ ಸ್ಪೀಕರನ್ನೇ ಕೇಳುಗರ ತಲೆಯ ಮೇಲೆ ಹತ್ತಿರಕ್ಕೆ ಇಳಿಸಿ ಧ್ವನಿ ತಗ್ಗಿಸುವುದು ಅಗ್ಗದ ದಾರಿ. ಪಕ್ಕದ ಕೋಣೆಗೆ ಸೋರುವ ಸದ್ದೂ ಇದರಿಂದಲೇ ಕಡಿಮೆಯಾಗುತ್ತದೆ.

ಇನ್ನೆರಡು ಮಾತು. ಎರಡು ಸ್ಪೀಕರ್‌ಗಳ ನಡುವೆ ನಿಂತಾಗ ತಗ್ಗಿನ ಸದ್ದು ಮಾಯವಾಗಿ, ಒಂದನ್ನು ಕಿತ್ತರೆ ಅದು ಮರಳಿ ಬಂದರೆ, ಒಂದರ ಕೆಂಪು ಕಪ್ಪು ತಂತಿ ತಿರುವುಮುರುವಾಗಿದೆ. ಆಂಪ್ಲಿಫೈಯರ್ ಆರಿಸಿ ಅದನ್ನು ಸರಿಪಡಿಸಿ. ಕೆಲವು ಸ್ವರಗಳಿಗೆ ಮಾತ್ರ ಕೋಣೆಯಲ್ಲಿ ‘ಝರ್’ ಎಂದರೆ ಸ್ಪೀಕರನ್ನು ಬೈಯುವ ಮೊದಲು ಫೋನನ್ನು ಅದೇ ಸ್ಪೀಕರ್‌ಗೆ ಜೋಡಿಸಿ 20ರಿಂದ 200 ಹರ್ಟ್ಜ್‌ವರೆಗೆ ಒಂದೇ ಸ್ವರವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಅದುರುವುದು ಹೆಚ್ಚಾಗಿ ಸಡಿಲ ಗಾಜಿನ ಚೌಕಟ್ಟು ಅಥವಾ ಟ್ರ್ಯಾಕ್ ಲೈಟ್‌ನ ಮುಂದಿನ ಉಂಗುರ. ಚೌಕಟ್ಟಾದರೆ ಕೂಡಲೇ ಇಳಿಸಿ. ಅದುರುವ ಚೌಕಟ್ಟಿನಲ್ಲಿ ಹಳೆಯ ಬಣ್ಣದ ಹಕ್ಕಳೆ ಉದುರುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ವಿಡಿಯೊ ತಾನಾಗಿ ಶುರುವಾಗದಿದ್ದರೆ ಪ್ಲೇಯರ್‌ನ ಆಟೊಪ್ಲೇ ಹಾಕಿಲ್ಲ. ಇನ್ವರ್ಟರ್‌ಗೆ ಹೋದಾಗ ಮಾತ್ರ ‘ಜರ್ರ್’ ಬಂದರೆ ಅದು ಚೌಕ ಅಲೆಯದು, ಸೈನ್ ಅಲೆಯದನ್ನು ತರಿಸಿ.

ಆ ನಡುಕೋಣೆಯಲ್ಲಿ ಮಾಡಿದ್ದು

ಕೇಬಲ್ಲನ್ನು ಬೇರೆ ಗೋಡೆಯ ಮೂಲಕ ಎಳೆದಾಗ ‘ಜರ್ರ್’ ಬಹುಪಾಲು ತಗ್ಗಿತು. ಉಳಿದ ಚೂರು ವಿದ್ಯುತ್ತಿನ ದಾರಿಯಲ್ಲಿ ಬರುತ್ತಿತ್ತು, ಡಿಮ್ಮರ್ ಮತ್ತು ಆಂಪ್ಲಿಫೈಯರ್ ಒಂದೇ ಎಂಸಿಬಿಯ ಮೇಲಿದ್ದವು. ಹೊಸ ಡಿಮ್ಮರ್ ತರಿಸಲು ಹಣವೂ ಇರಲಿಲ್ಲ, ದಿನಗಳೂ ಇರಲಿಲ್ಲ. ಬೆಳಕನ್ನು ತಗ್ಗಿಸಲು ವಿದ್ಯುತ್ತನ್ನೇ ಕತ್ತರಿಸಬೇಕಿಲ್ಲ ಎಂಬುದು ಆಗ ಹೊಳೆಯಿತು. ರಂಗಭೂಮಿಯಲ್ಲಿ ನಾವು ಬೆಳಕಿನ ಮುಂದೆ ಜೆಲ್ ಹಾಳೆ ಇಡುತ್ತಿದ್ದೆವಲ್ಲ, ಹಾಗೆ. ಟ್ರ್ಯಾಕನ್ನು ಸರಿಸಿ ದೀಪಗಳನ್ನು ಚಿತ್ರದಿಂದ ಒಂದೂವರೆ ಮೀಟರ್ ಇದ್ದದ್ದು 2.1 ಮೀಟರ್ ಆಗುವಂತೆ ಎತ್ತರಿಸಿ ಕಟ್ಟಿದೆವು. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಇಳಿಯುವುದರಿಂದ ಅಷ್ಟಕ್ಕೇ ಅರ್ಧವಾಯಿತು. ಉಳಿದದ್ದಕ್ಕೆ ಪ್ರತಿ ದೀಪದ ಮುಂದೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿಯನ್ನು ಗುಂಡಗೆ ಕತ್ತರಿಸಿ ಕೂರಿಸಿದೆವು. ಒಂದು ಪದರ ಸಾಲದೆಡೆ ಎರಡು. ದೀಪದ ಗಾಳಿಕಿಂಡಿ ಮುಚ್ಚದಂತೆ ಎಚ್ಚರ ವಹಿಸಿದೆವು. ಡಿಮ್ಮರ್ ಪೂರ್ತಿ ಏರಿಸಿ ಮೀಟರ್ ಹಿಡಿದಾಗ ನಡುವೆ 48 ಲಕ್ಸ್, ಮೂಲೆಗಳಲ್ಲಿ 40ರ ಆಸುಪಾಸು.

ಒಳಕೋಣೆಯಲ್ಲಿ ಕಾವಲುಗಾರರು ಸ್ಪೀಕರ್‌ಗೆ ಕಿವಿಯಿಟ್ಟು ವಿಡಿಯೊದ ಮೌನದ ಭಾಗ ಬರುವವರೆಗೆ ಕಾದರು. “ಈಗ ಇಲ್ಲ ಸರ್” ಎಂದರು. ಮುಂದಿನ ಪ್ರದರ್ಶನದವರಿಗೆ ತಿಳಿಯಲೆಂದು ಸ್ವಿಚ್‌ಬೋರ್ಡಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೆ: ‘ನಡುಕೋಣೆಯ ಡಿಮ್ಮರ್ ಪೂರ್ತಿ ಏರಿಸಿಯೇ ಇರಲಿ. ಬೆಳಕು ತಗ್ಗಿಸಲು ಜಾಲರಿ ಬಳಸಿ, ಮೇಜಿನ ಎರಡನೇ ಖಾನೆಯಲ್ಲಿ ಇನ್ನೂ ಹನ್ನೆರಡು ಇವೆ.’